ಎದ್ದು ಹೋದವನು

"ಪೆನ್ನು ಹೊರಗ ಇಟ್ಟು ಬರ್ರಿ. ಒಳಗ ಪೆನ್ಸಿಲ್ ಅಷ್ಟ."

ನೇತ್ರಾಳಿಗೆ ಗ್ರಂಥಪಾಲ ನಾಗಲಿಂಗ ಹೇಳಿದ ಮೊದಲ ಮಾತು ಇದು. ತಲೆ ಎತ್ತಿ ನೋಡಲೂ ಇಲ್ಲ ಮಹಾರಾಯ!

ಇಳಕಲ್ಲಿನ ಆ ಗ್ರಂಥಾಲಯ ಸರ್ಕಾರದ್ದಲ್ಲ. ವಕೀಲರೊಬ್ಬರು ಬಿಟ್ಟುಹೋದ ಮನೆ, ಪುಸ್ತಕಗಳಿಂದ ಹುಟ್ಟಿದ್ದು. ಕೆರೂರಿನ ಕಾಲೇಜಿನಲ್ಲಿ ಪಾಠ ಹೇಳುವ ನೇತ್ರಾ, ಅಲ್ಲಿರುವ ಬೀಸುಕಲ್ಲಿನ ಹಾಡುಗಳ ಕೈಬರಹ ಓದಲು ಒಂದು ತಿಂಗಳ ಫೆಲೋಶಿಪ್ ಪಡೆದು ಬಂದಿದ್ದಳು. ತೀರಿಹೋದ ಅಪ್ಪನ ಪೆನ್ನನ್ನು ನಾಗಲಿಂಗನ ಮೇಜಿನ ಮೇಲೆ ಕುಕ್ಕಿದಳು.

ಅವನು ಅದನ್ನು ಮೆಲ್ಲಗೆ ಒರೆಸಿ ಡ್ರಾವರಿನಲ್ಲಿಟ್ಟ. ತನ್ನ ಪೆನ್ಸಿಲನ್ನು ಚೂಪು ಮಾಡಿ ಕೊಟ್ಟ.

ಸಿಟ್ಟು ಎಷ್ಟು ದಿನ ನಿಂತೀತು?

ಹಾಳೆಯಲ್ಲಿ ಹಾಡಿನ ಮಾತುಗಳಿದ್ದವು, ಧಾಟಿ ಇರಲಿಲ್ಲ. ಅದನ್ನು ಬಲ್ಲ, ಅದೇ ಊರಿನ ಮುದುಕಿ ಗುರುಲಿಂಗವ್ವನ ಮನೆಗೆ ಅವಳನ್ನು ಕರೆದೊಯ್ದವನೂ ಅವನೇ. ಸಂಜೆ ಮುದುಕಿ ಹಾಡುತ್ತಿದ್ದಳು, ನೇತ್ರಾ ದನಿಗೂಡಿಸುತ್ತಿದ್ದಳು, ನಾಗಲಿಂಗ ಬಾಗಿಲಲ್ಲಿ ಕೂತು ಕೇಳುತ್ತಿದ್ದ.

'ಇವರು ಬರೋದು ಹಾಡಿಗಾಗಿಯೋ... ನನಗಾಗಿಯೋ?'

ಕೇಳುವ ಧೈರ್ಯ ಅವಳಿಗಿರಲಿಲ್ಲ.

ತಿಂಗಳು ಮುಗಿಯಿತು, ಹಾಡು ಮುಗಿಯಲಿಲ್ಲ. ನೇತ್ರಾ ಇನ್ನೊಂದು ತಿಂಗಳಿಗೆ ಅರ್ಜಿ ಹಾಕಿದಳು. ತೀರ್ಮಾನಿಸುವ ಮೂವರಲ್ಲಿ ನಾಗಲಿಂಗನೂ ಒಬ್ಬ. ಅವನಿದ್ದಾನಲ್ಲ ಎಂದು ನೆಮ್ಮದಿಯಿಂದಿದ್ದಳು ಪಾಪ.

ಸಭೆಯ ದಿನ ಕಿಟಕಿಯಾಚೆ ನಿಂತಿದ್ದಳು. ಅವಳ ಅರ್ಜಿ ಬರುತ್ತಲೇ ಅವನು ಎದ್ದ. ಏನೋ ಹೇಳಿ ಹೊರಬಂದು, ಅವಳ ಮುಖ ನೋಡದೆ ನಡೆದುಬಿಟ್ಟ. ಉಳಿದಿಬ್ಬರಲ್ಲಿ ಒಬ್ಬರು ಒಪ್ಪಲಿಲ್ಲ. ಇಬ್ಬರ ಒಪ್ಪಿಗೆಯಿಲ್ಲದೆ ಅರ್ಜಿ ಬಿದ್ದುಹೋಯಿತು.

'ನನ್ನ ಪರವಾಗಿ ಒಂದು ಮಾತು ಬರಲಿಲ್ಲವಾ ಬಾಯಲ್ಲಿ?'

ಪೆನ್ನನ್ನೂ ಕೇಳದೆ ಬಸ್ಸು ಹತ್ತಿದಳು. ಅವನು ಫೋನ್ ಮಾಡಿದ, ಎತ್ತಲಿಲ್ಲ. ಮತ್ತೆ ಮಾಡಿದ, ಎತ್ತಲೇ ಇಲ್ಲ. ರಜೆಯಲ್ಲಿ ಹೋಗಿ ಮುದುಕಿಯ ಹತ್ತಿರ ಕೂರಬಹುದಿತ್ತು. ಆದರೆ ಅವನಿರುವ ಊರಿಗೆ ಕಾಲಿಡಲು ಅಭಿಮಾನ ಬಿಡಲಿಲ್ಲ.

ಮಳೆಗಾಲ ಕಳೆಯುವಷ್ಟರಲ್ಲಿ ಅವನ ಮೆಸೇಜು ಬಂತು. ಗುರುಲಿಂಗವ್ವ ಹೋದಳು.

ನೇತ್ರಾ ಓಡಿದಳು. ಮಣ್ಣು ಮಾಡುವುದು ಮುಗಿದು ಜನ ಚದುರಿದ ಮೇಲೆ, ಮುದುಕಿಯ ಮನೆಯ ಕಟ್ಟೆಯ ಮೇಲೆ ಇಬ್ಬರೇ ಉಳಿದರು.

"ಅವತ್ತ ಯಾಕ ಎದ್ದು ಹೋದ್ರಿ?"

"ಸಂಬಂಧದವರ ಅರ್ಜಿ ಬಂದ್ರ ಎದ್ದು ಹೋಗಬೇಕು. ಅದು ನಿಯಮ."

"ನಾ ನಿಮಗ ಏನಾಗಬೇಕು?"



"ಏನೂ ಅಲ್ಲ... ಆಗಲಿ ಅಂತ ಆಸೆ ಇತ್ತು. ಅದನ್ನ ಮುಚ್ಚಿಟ್ಟು ನಿಮ್ಮ ಪರ ಮಾತಾಡಿದ್ರ ಮೋಸ ಆಗ್ತಿತ್ತು. ಆಕೀ ನನ್ನ ಮನಸ್ಸಿನಾಗ ಅದಾಳ ಅಂತ ಅವರ ಮುಂದ ಹೇಳಿ ಎದ್ದೆ."

ನೇತ್ರಾ ಅವನ ಕಡೆ ತಿರುಗಿದಳು.

"ಅವರಿಗೆ ಹೇಳಿದ್ರಿ. ನನಗ ಹೇಳಲಿಲ್ಲ."

"ಎದುರಿಗೆ ಹೇಳಾಕ ಹೆದರಿದೆ. ಆಮ್ಯಾಲೆ ಅದನ್ನ ಹೇಳಾಕ ಫೋನ್ ಮಾಡಿದ್ದೆ..."

ಉಳಿದ ಹಾಡುಗಳನ್ನಾದರೂ ರೆಕಾರ್ಡ್ ಮಾಡಿಕೊಳ್ಳೋಣವೆಂದು ಅವನು ಮುದುಕಿಯ ಬಳಿ ಹೋಗಿದ್ದನಂತೆ. ಅವಳು ಬಾಯಿ ಬಿಡಲಿಲ್ಲ. ಆ ಹುಡುಗಿಯನ್ನು ಕರೆದುಕೊಂಡು ಬಾ, ಆಮೇಲೆ ಹಾಡುತ್ತೇನೆ ಎಂದಳು. ಎರಡನೇ ಸಲ ಅವನು ಫೋನ್ ಮಾಡಿದ್ದು ಅದನ್ನು ತಿಳಿಸಲಿಕ್ಕೇ. ಹೋದಾಗಲೆಲ್ಲ ಅವನ ಬೆನ್ನ ಹಿಂದೆ ಬಾಗಿಲ ಕಡೆ ನೋಡುತ್ತಿದ್ದಳು.

ನೇತ್ರಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅವಳು ಎತ್ತದ ಫೋನು, ಅವನು ಆಡದ ಮಾತು... ನಡುವೆ ಒಂದು ಜೀವ ಕಾದು ಕಾದು ಹೋಗಿತ್ತು.

ನಾಗಲಿಂಗ ಜೇಬಿನಿಂದ ಅವಳ ಪೆನ್ನು ತೆಗೆದು ಕೊಟ್ಟ. ಅದನ್ನು ಮುಷ್ಟಿಯಲ್ಲಿ ಹಿಡಿದು, ಮುದುಕಿ ಕಲಿಸಿದ ಕೊನೆಯ ಹಾಡು ಎತ್ತಿದಳು. ನಡುವೆಯೇ ನಿಂತಳು.

"ಮುಂದಿಂದು ನನಗ ಬರೂದಿಲ್ಲ."

"ಬರೂವಷ್ಟು ಹಾಡ್ರಿ."

ಅವಳೊಬ್ಬಳೇ ಹಾಡಿಕೊಳ್ಳಲಿ ಎಂದು ಅವನು ಎದ್ದ. ನೇತ್ರಾ ಅವನ ತೋಳು ಹಿಡಿದಳು.

"ಈ ಸಲ ಎದ್ದು ಹೋಗಬ್ಯಾಡ್ರಿ."

"ಇಲ್ಲ... ಕೂಡ್ತೇನಿ."

ಬಾಗಿಲಲ್ಲಲ್ಲ, ಅವಳ ಪಕ್ಕದಲ್ಲಿ ಕೂತ.