ಎಡಗೈಯ ಹೊಡೆತ

"ಲೇ ಯುವರಾಜ! ಟೀಮಿಂದ ನನ್ನ ಹೆಸರು ತಗಿಸಿದಾಂವ ನೀನ ಹೌದಲ್ಲೋ?"

ಜಮಖಂಡಿಯ ಈಜುಕೊಳದ ದಂಡೆಯಿಂದ ಶ್ರೀದೇವಿ ಕೂಗಿದಳು. ನೀರಿನಲ್ಲಿದ್ದ ಯುವರಾಜ ತಿರುಗುವಷ್ಟರಲ್ಲಿ ಅವಳು ಒಗೆದ ಚೆಂಡು ಅವನ ಮುಖಕ್ಕೆ ಬಡಿಯಿತು. ಮೂಗಿನಿಂದ ರಕ್ತ!

"ಹೌದು. ಕೋಚ್ ಸರ್‌ಗೆ ನಾನ ಹೇಳಿದೆ."

ಸುಳ್ಳನ್ನಾದರೂ ಹೇಳಬಾರದಿತ್ತೇ ಇವನು...

ಬನಹಟ್ಟಿಯ ನೇಕಾರರ ಮಗಳು ಶ್ರೀದೇವಿ. ನಾಲ್ಕು ವರ್ಷ ಬಸ್ಸು ಹಿಡಿದು ಬಂದು ವಾಟರ್ ಪೋಲೊ ಕಲಿತಿದ್ದಳು. ಡಿಗ್ರಿ ಮುಗಿಯುತ್ತಿತ್ತು. ರಾಜ್ಯ ತಂಡದಲ್ಲಿ ಆಡಿದರೆ ಬೆಳಗಾವಿಯ ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಸೀಟು ಖಾತ್ರಿ. ಅದನ್ನೇ ಕಿತ್ತುಕೊಂಡಿದ್ದ, ದಿನವೂ ಗೋಲಿನಲ್ಲಿ ನಿಂತು ಅವಳ ಹೊಡೆತ ತಡೆಯುತ್ತಿದ್ದ ಈ ಮುಧೋಳದ ಹುಡುಗ. ಅವಳ ಮನಸ್ಸು ಮೆಲ್ಲಗೆ ವಾಲುತ್ತಿದ್ದುದೂ ಅವನ ಕಡೆಗೇ!

"ನಾ ಮುಂದ ಹೋದ್ರ ನಿನಗ್ಯಾಕ ಹೊಟ್ಟಿಕಿಚ್ಚು?"

"ಈಗ ಚೆಂಡು ಎಡಗೈಲೆ ಯಾಕ ಒಗದಿ?"

ಶ್ರೀದೇವಿ ತಬ್ಬಿಬ್ಬಾದಳು.

"ಬಲಗೈ ಎತ್ತಿ ತೋರಸು ನೋಡೂಣು."

ಎತ್ತಿದಳು. ಕೈ ಭುಜದ ಮಟ್ಟಕ್ಕೇ ನಿಂತುಬಿಟ್ಟಿತು. ನೋವಿಗೆ ಕಣ್ಣು ತುಂಬಿತು.

"ಮೂರು ವಾರಾತು, ನೀ ನೋವು ನುಂಗಿ ಆಡಾಕತ್ತಿ. ಗೋಲಿನ್ಯಾಗ ನಿಂತಾಂವಗ ಗೊತ್ತಾಗಂಗಿಲ್ಲೇನು?"

"ಗೊತ್ತಾದ್ರ ನನಗ ಹೇಳಬೇಕಿತ್ತು! ನನ್ನ ಜೀವನ, ನನ್ನ ಒಂದ ಮಾತು ಕೇಳಬೇಕಿತ್ತಿಲ್ಲೋ?"

ಯುವರಾಜ ತಲೆ ತಗ್ಗಿಸಿದ.

ಭುಜದ ಸ್ನಾಯು ಅರ್ಧ ಹರಿದಿದೆ, ಇನ್ನೂ ಆಡಿದ್ದರೆ ಆಪರೇಷನ್ನೇ ಗತಿ ಎಂದರು ಡಾಕ್ಟರು. ಅವನದೇ ಸರಿ ಎಂದು ತಿಳಿದ ಮೇಲೂ ಅವಳ ಸಿಟ್ಟು ಇಳಿಯಲಿಲ್ಲ, ಇನ್ನಷ್ಟು ಏರಿತು. ಅವನ ಫೋನ್ ಎತ್ತಲಿಲ್ಲ. ಮನೆಗೆ ಬಂದವನಿಗೆ ಅವಳ ತಾಯಿ ಶಿವವ್ವ ಚಹಾ ಕೊಟ್ಟು, "ಆಕಿ ಹೊರಗ ಬರಂಗಿಲ್ಲಂತಪಾ," ಎಂದು ಕಳಿಸಿದಳು. ಅವನು ಒಂದು ಚೀಟಿ ಬಿಟ್ಟುಹೋಗಿದ್ದ. ಬೆಳಗಾವಿಯ ಕಾಲೇಜಿನವರು ಜುಲೈನಲ್ಲಿ ಎಲ್ಲರಿಗೂ ಆಯ್ಕೆ ಪರೀಕ್ಷೆ ಇಡುತ್ತಾರೆ, ರಾಜ್ಯ ತಂಡದ ಸರ್ಟಿಫಿಕೇಟ್ ಬೇಕಿಲ್ಲ ಎಂದಿತ್ತು. ಅವನೇ ಅಲ್ಲಿಗೆ ಹೋಗಿ ಕೇಳಿಕೊಂಡು ಬಂದಿದ್ದ!

'ಇವನ ಉಪಕಾರ ಯಾರಿಗೆ ಬೇಕು?' ಎಂದುಕೊಂಡಳು. ಚೀಟಿಯನ್ನು ಮಾತ್ರ ಹರಿಯಲಿಲ್ಲ.

ಮೂರು ತಿಂಗಳ ನಂತರ ಭುಜ ವಾಸಿಯಾಗಿ ನೀರಿಗಿಳಿದಳು. ದಿನಕ್ಕೆ ಐವತ್ತು ಹೊಡೆತ. ಎದುರಿಗೆ ಅವನೇ. ಇಬ್ಬರ ನಡುವೆ ಒಂದು ಮಾತಿಲ್ಲ. ಬೇಕೆಂದೇ ಅವನ ಎದೆಗೆ ಗುರಿಯಿಟ್ಟು ಹೊಡೆಯುತ್ತಿದ್ದಳು. ಅವನು ಒಂದು ದಿನವೂ ತಪ್ಪಿಸಿಕೊಳ್ಳಲಿಲ್ಲ.

ಜುಲೈನಲ್ಲಿ ಬೆಳಗಾವಿಯ ಕಾಲೇಜಿನ ಗೋಡೆಗೆ ಪಟ್ಟಿ ಅಂಟಿಸಿದರು. ಮೂರನೆಯ ಹೆಸರು ಅವಳದು!

ಗೇಟಿನ ಹೊರಗೆ ಯುವರಾಜ ನಿಂತಿದ್ದ.

"ಸಿಟ್ಟು ಹೋತೇನು?"

"ಇಲ್ಲ. ಇನ್ನ ಮುಂದ ನನ್ನ ಬಗ್ಗೆ ಏನ ಇದ್ರೂ ಮೊದಲ ನನಗ ಹೇಳಬೇಕು. ತಿಳೀತೇನು?"

"ಹಂಗಾರ ಈಗ ಹೇಳ್ತೇನಿ... ನೀ ಅಂದ್ರ ನನಗ ಜೀವ, ಶ್ರೀದೇವಿ."

ಅವಳು ರಸ್ತೆಯ ಕಡೆ ಮುಖ ತಿರುಗಿಸಿದಳು.

"ನನಗೂ... ಆದ್ರ ಸಿಟ್ಟು ಇನ್ನೂ ಐತಿ ನೋಡು!"

"ಇರಲಿ ಬಿಡು. ಎರಡೂ ಇರಲಿ."

ಶ್ರೀದೇವಿ ಅಳುತ್ತಲೇ ಅವನ ಕೈ ಹಿಡಿದಳು.