ಇಪ್ಪತ್ತನಾಲ್ಕು ದೋಣಿಗಳ ಕಳವು

ಗುರುವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಠಾಣೆಗೆ ಬಂದ ದೂರನ್ನು ಇನ್‌ಸ್ಪೆಕ್ಟರ್ ಎರಡು ಸಲ ಓದಿದರು. ನೆರೆ ರಕ್ಷಣಾ ಇಲಾಖೆಯ ಉಗ್ರಾಣದಿಂದ ಇಪ್ಪತ್ತನಾಲ್ಕು ಫೈಬರ್ ದೋಣಿಗಳು ಕಳವಾಗಿವೆ. ಒಂದೊಂದೂ ಹದಿನೆಂಟು ಅಡಿ. ದೂರು ತಂದವನು ಉಗ್ರಾಣದ ಸ್ಟೋರ್‌ಕೀಪರ್. ನಿವೃತ್ತಿಗೆ ಮೂರು ತಿಂಗಳಿದ್ದವನು.

ಎಫ್‌ಐಆರ್ ದಾಖಲಾಯಿತು. ಹನ್ನೊಂದೂವರೆಗೆ ಇನ್‌ಸ್ಪೆಕ್ಟರ್, ದಫೇದಾರ, ಇಬ್ಬರು ಪಂಚರು ಉಗ್ರಾಣ ತಲುಪಿದರು.

ಒಬ್ಬರು ಓಡಾಡುವಷ್ಟು ಅಗಲದ ಚಿಕ್ಕ ಬಾಗಿಲಿನ ಬೀಗ ಕತ್ತರಿಸಲಾಗಿತ್ತು. ದೊಡ್ಡ ಶಟರಿನ ಸರಪಳಿ ಮಾತ್ರ ತುಕ್ಕು ಹಿಡಿದು ಒಂದೇ ಮುದ್ದೆಯಾಗಿತ್ತು. ಇಬ್ಬರು ಜಗ್ಗಿದರೂ ಅಲುಗಲಿಲ್ಲ.

"ದೋಣಿನ ಮಡಚಿ ಜೇಬಿಗೆ ಹಾಕ್ಕೊಂಡು ಹೋದ್ರೇನಪ್ಪ?" ಎಂದ ದಫೇದಾರ.

ಯಾರೂ ನಗಲಿಲ್ಲ. ಒಳಗಿನ ನೆಲದ ಮೇಲೆ ಧೂಳು ಹಾಸಿಗೆ ಹಾಸಿದಂತೆ ಬಿದ್ದಿತ್ತು. ಎಳೆದ ಗುರುತಿಲ್ಲ, ಇಟ್ಟ ಗುರುತೂ ಇಲ್ಲ. ಇದ್ದುದನ್ನು ಇದ್ದಂತೆ ಪಂಚನಾಮೆಯಲ್ಲಿ ಬರೆಸಿ, ಇನ್‌ಸ್ಪೆಕ್ಟರ್ ಸ್ಟೋರ್‌ಕೀಪರನ ಎದುರು ಸ್ಟೂಲೆಳೆದು ಕೂತರು.

"ದೋಣಿ ಯಾವಾಗ ಬಂದ್ವು?"

"ಬಜೆಟ್ ವರ್ಷದ ಕೊನೇ ದಿನ ಸಾರ್. ರಿಜಿಸ್ಟರಲ್ಲಿ ನನ್ನ ಸಹಿ ಇದೆ."

"ಸಹಿ ಕೇಳಲಿಲ್ಲ. ನೀವು ಕಣ್ಣಾರೆ ನೋಡಿದ್ರಾ?"

ಅವನು ರಿಜಿಸ್ಟರ್ ತೆರೆದು ಸಹಿಯ ಮೇಲೆ ಬೆರಳಿಟ್ಟ.

"ಈ ದೂರು ಟೈಪ್ ಮಾಡಿದ್ಯಾರು?"

"ನಾನೇ."

"ಟೈಪ್ ಬರುತ್ತಾ?"

ಅವನು ತಲೆ ತಗ್ಗಿಸಿದ. ತಾನಾಗಿಯೇ ಬಾಯಿಬಿಟ್ಟ. ಖರ್ಚಾಗದ ಹಣ ಬಜೆಟ್ ವರ್ಷ ಮುಗಿದ ಕೂಡಲೇ ಖಜಾನೆಗೆ ವಾಪಸು ಹೋಗುತ್ತದೆ. ಅದಕ್ಕೆ ಕೊನೆಯ ದಿನ 'ಮಾಲು ಬಂದಿದೆ' ಎಂದು ಅವನ ಕೈಯಲ್ಲಿ ಸಹಿ ಹಾಕಿಸಿ, ಮಾಲು ಒದಗಿಸುವವನಿಗೆ ಹಣ ಕೊಟ್ಟುಬಿಡುತ್ತಾರೆ. ಮಾಲು ತಿಂಗಳೆರಡು ತಿಂಗಳಿಗೆ ಬರುತ್ತದೆ. ಪ್ರತಿ ವರ್ಷವೂ ಹೀಗೇ. ಈ ಸಲ ಹಣ ಪಡೆದವನು ಅಂಗಡಿ ಮುಚ್ಚಿ ನಾಪತ್ತೆಯಾದ. ಅಷ್ಟರಲ್ಲಿ ಸಂಸತ್ತಿನ ಲೆಕ್ಕಪತ್ರ ಸಮಿತಿಯ ಪತ್ರ ಬಂತು: ಸೋಮವಾರ ಹನ್ನೊಂದಕ್ಕೆ ಸದಸ್ಯರು ಬಂದು ದೋಣಿಗಳನ್ನು ಎಣಿಸಿ ನೋಡುತ್ತಾರೆ.

"ಕಳವು ಅಂತ ದೂರು ಕೊಡು ಅಂದೋರ್ಯಾರು?"

"ಯಾರೂ ಇಲ್ಲ ಸಾರ್. ನಾನೊಬ್ಬನೇ."

ಎಷ್ಟು ಕೇಳಿದರೂ ಅದೊಂದೇ ಮಾತು.

ಮಧ್ಯಾಹ್ನ ಎರಡಕ್ಕೆ ಇನ್‌ಸ್ಪೆಕ್ಟರ್ ಇಲಾಖೆಯ ನಿರ್ದೇಶಕರ ಕೋಣೆಯಲ್ಲಿದ್ದರು. ನಿರ್ದೇಶಕರು ಬಹಳ ಮರ್ಯಾದೆಯ ಮನುಷ್ಯ, ಎದ್ದು ನಿಂತು ಕುರ್ಚಿ ತೋರಿಸಿದರು.

"ಸುಳ್ಳು ದೂರಾ? ಪಾಪ, ಹಾಗಾದ್ರೆ ಅವನ ಮೇಲೆ ಕ್ರಮ ತಗೊಳ್ಳಿ. ನಾವು ಅಡ್ಡ ಬರಲ್ಲ."

"ಸೋಮವಾರ ಸಮಿತಿ ಬರ್ತಿದೆಯಲ್ಲ. ಅವರೇ ನೋಡ್ಲಿ."

"ಇನ್ನೆಲ್ಲಿ ಬರ್ತಾರೆ? ವಿಷಯ ಪೊಲೀಸ್ ತನಿಖೆಯಲ್ಲಿದೆ ಅಂತ ಹನ್ನೆರಡಕ್ಕೇ ಪತ್ರ ಕಳಿಸಿದ್ವಿ. ನಿಮ್ಮ ಎಫ್‌ಐಆರ್ ನಂಬರೂ ಹಾಕಿದೀವಿ. ತನಿಖೆಯಲ್ಲಿರೋದಕ್ಕೆ ಸಮಿತಿ ಕೈ ಹಾಕಲ್ಲ, ಅದು ಪದ್ಧತಿ."

"ಈ ದೂರು ಸುಳ್ಳು ಅಂತ ಇವತ್ತೇ ವರದಿ ಹಾಕ್ತೀನಿ."

"ಹಾಕಿ. ಆಗ ಸುಳ್ಳು ದೂರಿನ ಕೇಸಾಗುತ್ತೆ. ಅದೂ ತನಿಖೆನೇ. ಆಮೇಲೆ ಕೋರ್ಟು." ನಿರ್ದೇಶಕರು ಗಡಿಯಾರ ನೋಡಿದರು. "ನಾಲ್ಕೈದು ವರ್ಷ ಹಿಡಿಯುತ್ತೆ, ಅಲ್ವಾ?"

ಇನ್‌ಸ್ಪೆಕ್ಟರ್ ಮೆಟ್ಟಿಲಿಳಿದರು. ತಾನು ಬೆಳಿಗ್ಗೆ ಕೈಯಾರೆ ಬರೆದ ಎಫ್‌ಐಆರ್ ಈ ಜನಕ್ಕೆ ಬಾಗಿಲ ಅಗುಳಿಯಾಗಿತ್ತು. ತೆಗೆಯಲು ಹೋದರೆ ಇನ್ನೊಂದು ಅಗುಳಿ ಬೀಳುತ್ತದೆ. ನಿರ್ದೇಶಕರನ್ನು ಹಿಡಿಯಬೇಕಾದರೆ ಸ್ಟೋರ್‌ಕೀಪರ್ ಒಂದು ಹೆಸರು ಹೇಳಬೇಕು.

"ಹೇಳಯ್ಯ," ಎಂದರು ಠಾಣೆಗೆ ಬಂದು, ಅಲ್ಲಿ ಕೂರಿಸಿದ್ದ ಸ್ಟೋರ್‌ಕೀಪರನಿಗೆ. "ಪಿಂಚಣಿ ಹೋಗುತ್ತೆ, ಜೈಲಾಗುತ್ತೆ. ಅವರಿಗೋಸ್ಕರ ಯಾಕೆ ಹಾಳಾಗ್ತೀಯ?"

"ಅವರಿಗೋಸ್ಕರ ಅಲ್ಲ ಸಾರ್. ದೊಡ್ಡೋರು ಸಿಕ್ಕಿಬಿದ್ರೆ ಮುಂದಿನ ವರ್ಷ ಬಜೆಟ್ಟೇ ಕತ್ತರಿಸ್ತಾರೆ." ಅವನು ಅಂಗೈ ನೋಡಿಕೊಂಡ. "ಒಂಬತ್ತು ವರ್ಷದ ಹಿಂದೆ, ಮಾಲು ನೋಡದೆ ಸಹಿ ಹಾಕಲ್ಲ ಅಂತ ಹಟ ಹಿಡಿದೆ. ಹಣ ವಾಪಸ್ ಹೋಯ್ತು. ಆ ಮಳೆಗಾಲ ನಮ್ಮ ಹುಡುಗರು ಲೈಫ್ ಜಾಕೆಟ್ಟಿಲ್ಲದೆ ನೀರಿಗಿಳಿದ್ರು. ಇಬ್ಬರು ವಾಪಸ್ ಬರಲಿಲ್ಲ. ಒಬ್ಬ ನನ್ನ ತಂಗಿ ಮಗ."

ದಫೇದಾರ ಬರೆಯುವುದನ್ನು ನಿಲ್ಲಿಸಿದ.

"ಅವತ್ತಿಂದ ಏನು ತಂದು ಮುಂದಿಟ್ರೂ ಸಹಿ ಹಾಕ್ತೀನಿ ಸಾರ್."

ಮೂರೂ ನಲವತ್ತಕ್ಕೆ ಸುಳ್ಳು ದೂರು, ಸುಳ್ಳು ದೃಢೀಕರಣದ ಆರೋಪದ ಮೇಲೆ ಬಂಧನವಾಯಿತು. ಬಂಧನದ ವಿಷಯ ಯಾರಿಗೆ ತಿಳಿಸಬೇಕೆಂದು ಕೇಳಿದಾಗ ಅವನು ತಂಗಿಯ ನಂಬರು ಕೊಟ್ಟ. "ಒಂಬತ್ತು ವರ್ಷದಿಂದ ಮಾತಾಡಿಲ್ಲ ಸಾರ್. ಹೋದ ತಿಂಗಳು ಕಾಗದ ಬರೆದಿದ್ದೆ," ಎಂದ.

ಇನ್‌ಸ್ಪೆಕ್ಟರೇ ಫೋನ್ ಮಾಡಿದರು. ಆ ಕಡೆ ತಂಗಿ ಬಂಧನದ ಸುದ್ದಿ ಕೇಳಿಸಿಕೊಂಡಳು.

"ಕಾಗದದಲ್ಲಿ ಬರೆದಿದ್ದ," ಎಂದಳು. "ಈ ಮಳೆಗಾಲಕ್ಕೆ ಇಪ್ಪತ್ನಾಲ್ಕು ದೋಣಿ ಬಂದಿದಾವೆ, ಇನ್ನು ಯಾರ ಮಕ್ಕಳೂ ಹೋಗಲ್ಲ ಅಂತ. ಬಂದಿದಾವಾ ಸಾರ್?"

"ಇಲ್ಲಮ್ಮ."

ಅವಳು ಫೋನಿಟ್ಟಳು.