ಒಂಬತ್ತನೇ ಕೋಣೆಯ ಚಹಾ

"ಯಾರನ್ನ ಕೇಳಿ ಆ ವೈರ್ ಕತ್ತರಿಸಿದ್ರಿ? ಹೇಳ್ರೀ!"

"ಮೇಡಂ, ಸ್ವಲ್ಪ ಕೇಳಿ..."

"ಏನ್ ಕೇಳೋದು? ಕೈಲಿ ಕಟಿಂಗ್ ಪ್ಲೇಯರ್ ಇದೆ ಅಂತ ಕಂಡವರ ಸಂಸಾರಾನೂ ಕತ್ತರಿಸ್ತೀರಾ?"

ಎಲೆಕ್ಟ್ರಿಷಿಯನ್ ಏಣಿಯ ಮೇಲೆ ಹಾಗೇ ನಿಂತುಬಿಟ್ಟ. ಕೆಳಗೆ ಲಾಡ್ಜಿನ ಒಡತಿ ಏಣಿಯನ್ನೇ ಉರುಳಿಸುವವಳ ಹಾಗೆ ನಿಂತಿದ್ದಳು. ಕಣ್ಣು ಕೆಂಪಾಗಿತ್ತು.

ಕೌಂಟರಿನ ಹಿಂದೆ ಹನ್ನೆರಡು ಪುಟ್ಟ ದೀಪಗಳ ಹಲಗೆ. ಯಾವ ಕೋಣೆಯವರು ಗಂಟೆ ಒತ್ತಿದರೂ ಆ ಕೋಣೆಯ ದೀಪ ಹೊತ್ತಿಕೊಳ್ಳುತ್ತದೆ. ಒಂಬತ್ತನೇ ಕೋಣೆಗೆ ಬೀಗ ಬಿದ್ದು ಮೂರು ವರ್ಷ. ಬೀಗದ ಕೈ ಅವಳ ಸೊಂಟದಲ್ಲೇ ಇತ್ತು. ಆದರೂ ದಿನಾ ಸಂಜೆ ನಾಲ್ಕಕ್ಕೆ ಒಂಬತ್ತರ ದೀಪ ಹೊತ್ತಿಕೊಳ್ಳುತ್ತಿತ್ತು!

ಅವಳ ಗಂಡ ಲಾರಿ ಡ್ರೈವರ್. ದೂರದೂರಿಗೆ ಸರಕು ಇಳಿಸಿ ಬಂದವನೇ ಒಂಬತ್ತರಲ್ಲಿ ಸ್ನಾನ ಮಾಡಿ, ಗಿರಾಕಿಯ ಹಾಗೆ ಗಂಟೆ ಒತ್ತುತ್ತಿದ್ದ. ನಾಲ್ಕು ಚಮಚ ಸಕ್ಕರೆ ಹಾಕಿದ ಚಹಾ ಬೇಕು. ಹೆಂಡತಿ ಬೈಯುತ್ತಾ ಮೆಟ್ಟಿಲು ಹತ್ತುವುದನ್ನು ಕೇಳುವುದೇ ಅವನಿಗೊಂದು ಸುಖ. ಅಂಥವನು ಒಂದು ದಿನ ತಿರುವಿನಲ್ಲಿ ಲಾರಿ ಮಗುಚಿ ಹೋಗಿಬಿಟ್ಟ.

ಅವನು ಹೋದ ಮೇಲೂ ದೀಪ ಹೊತ್ತಿತು. ಅವಳು ಬಾಗಿಲ ಮುಂದಿನ ಸ್ಟೂಲಿನ ಮೇಲೆ ಚಹಾ ಇಟ್ಟು ಬಂದಳು. ಅರ್ಧ ಗಂಟೆ ಬಿಟ್ಟು ನೋಡಿದರೆ ಲೋಟ ಖಾಲಿ!

'ಇದ್ದಾರೆ... ನನ್ನ ಬಿಟ್ಟು ಎಲ್ಲಿಗೂ ಹೋಗಿಲ್ಲ...'

ದೆವ್ವದ ಲಾಡ್ಜು ಎಂದು ಊರೆಲ್ಲ ಗುಲ್ಲಾಯಿತು. ಬಂದವರು ಬ್ಯಾಗು ಬಿಚ್ಚುವ ಮೊದಲೇ ಹೊರಟರು. ಹೋದರೆ ಹೋಗಲಿ! ಅವಳಿಗೆ ನಾಲ್ಕು ಗಂಟೆಯೊಂದಿದ್ದರೆ ಸಾಕಿತ್ತು.

"ಕತ್ತರಿಸು ಅಂದಿದ್ದು ನಿಮ್ಮ ಅತ್ತೆ," ಎಂದ ಎಲೆಕ್ಟ್ರಿಷಿಯನ್.

"ಸುಳ್ಳು! ನನ್ನ ಗಂಡನ ಜಾಗಕ್ಕೆ ಬರೋ ಆಸೆ ನಿಮಗೆ. ನನಗೆ ಗೊತ್ತಾಗಲ್ವಾ? ಆರು ತಿಂಗಳಿಂದ ಒಂದೇ ಫ್ಯಾನ್ ರಿಪೇರಿ ಮಾಡ್ತಿದ್ದೀರಿ!"

ಅವನ ಮುಖ ಸಪ್ಪಗಾಯಿತು. ಫ್ಯಾನಿನ ಮಾತು ನಿಜವೇ ಆಗಿತ್ತು. ನಿಧಾನವಾಗಿ ಏಣಿ ಇಳಿದ.

"ಆಸೆ ಇದೆ. ಇಲ್ಲ ಅನ್ನಲ್ಲ. ಆದ್ರೆ ಸತ್ತವರ ಜೊತೆ ಪೈಪೋಟಿಗೆ ಬಂದೋನಲ್ಲ ನಾನು. ಈ ವೈರ್ ಮಹಡಿಗೆ ಹೋಗಿ ಎರಡಾಗುತ್ತೆ ಮೇಡಂ. ಒಂದು ಒಂಬತ್ತಕ್ಕೆ. ಇನ್ನೊಂದು... ನಿಮ್ಮ ಅತ್ತೆ ಮಂಚದ ಹತ್ರ."

ಅವಳು ಒಂದೇ ಉಸಿರಿಗೆ ಮೆಟ್ಟಿಲು ಹತ್ತಿದಳು.

ಒಂಬತ್ತರ ಪಕ್ಕದ ಮೂಲೆ ಕೋಣೆಯಲ್ಲಿ ಅತ್ತೆ ಬ್ಯಾಂಡೇಜ್ ಸುತ್ತಿದ ಕಾಲು ಚಾಚಿ ಕೂತಿದ್ದಳು. ಸೊಸೆಯ ಮುಖ ನೋಡಿದ ಕೂಡಲೇ ಅವಳಿಗೆ ಎಲ್ಲ ತಿಳಿಯಿತು.

"ಬೈಬೇಡ. ಮೊದ್ಲು ಕೇಳು. ಹಲಗೇಲಿ ಜಾಗ ಇಲ್ಲ ಅಂತ ನನ್ನ ಗಂಟೇನ ನನ್ನ ಮಗನೇ ಒಂಬತ್ತಕ್ಕೆ ಸೇರಿಸಿದ್ದ. ನಾನೇನು ಗಿರಾಕೀನಾ ಅಂತ ಒಂದಿನಾನೂ ಒತ್ತಿರ್ಲಿಲ್ಲ. ಅವನು ಹೋದ ಮೇಲೆ ನೀನು ಹದಿನೈದು ದಿನ ಹಾಸಿಗೆ ಬಿಟ್ಟು ಏಳ್ಲಿಲ್ಲ. ಒಂದಿನ ಸಂಜೆ ನಾಲ್ಕಕ್ಕೆ ನೀರು ಬೇಕಾಗಿ ಒತ್ತಿದೆ. ನೀನು ಮುಖ ತೊಳ್ಕೊಂಡು, ತಲೆ ಬಾಚ್ಕೊಂಡು, ಚಹಾ ಹಿಡ್ಕೊಂಡು ಓಡಿಬಂದೆ... ಅವನ ಬಾಗಿಲಿಗೆ. ಒತ್ತಿದ್ದು ನಾನೇ ಅಂತ ಯಾವ ಬಾಯಲ್ಲಿ ಹೇಳ್ಲಿ? ಆಮೇಲೆ ದಿನಾ ಅದೇ ಹೊತ್ತಿಗೆ ಒತ್ತಿದೆ."

"ಮತ್ತೆ... ಚಹಾ?"

"ನಾನೇ ಕುಡಿದೆ. ಲೋಟ ತುಂಬಿದ್ರೆ ನೀನು ಮತ್ತೆ ಮಲಗಿಬಿಡ್ತೀಯ ಅಂತ."

ಸಕ್ಕರೆ ಕಾಯಿಲೆ ಎಂದು ಹಣ್ಣನ್ನೂ ದೂರ ತಳ್ಳುತ್ತಿದ್ದ ಹೆಂಗಸು! ಸೊಸೆಯ ಕಣ್ಣು ಆ ಬ್ಯಾಂಡೇಜಿನ ಮೇಲೆ ಹೋಯಿತು.

"ಅತ್ತೆ! ನಾಲ್ಕು ಚಮಚ! ಮೂರು ವರ್ಷ! ತಲೆ ಕೆಟ್ಟಿತ್ತಾ ನಿಮಗೆ?"

"ಮಗ ಹೋಗಿದ್ದ ಕಣೇ. ಮಗಳನ್ನೂ ಕಳಿಸ್ಬೇಕಿತ್ತಾ?"

ಅವಳು ಆ ಮಡಿಲಲ್ಲಿ ಮುಖ ಹುದುಗಿಸಿ ಬಿಕ್ಕಿದಳು.

"ಕಾಲ್ಬೆರಳು ತೆಗೀಬೇಕು ಅಂದ್ರು ಡಾಕ್ಟರು," ಅತ್ತೆ ಅವಳ ತಲೆ ನೇವರಿಸಿದಳು. "ಇನ್ನು ನನ್ನ ಕೈಲಾಗಲ್ಲ. ಅದಕ್ಕೇ ಇವನನ್ನ ಕರೆಸಿದೆ."

ಹಿಂದೆಯೇ ಬಂದಿದ್ದ ಎಲೆಕ್ಟ್ರಿಷಿಯನ್ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ. ಇದ್ದಕ್ಕಿದ್ದ ಹಾಗೆ ಅವನ ಮೈ ಜುಮ್ಮೆಂದಿತು. ಯಾಕೆಂದು ಗೊತ್ತಿಲ್ಲದೆ ಪಕ್ಕಕ್ಕೆ ಸರಿದ.

ಅವಳು ತಲೆ ಎತ್ತಿದಳು.

ಬಾಗಿಲಲ್ಲಿ ಅವಳ ಗಂಡ! ಒದ್ದೆ ತಲೆ, ಮಾಸಿದ ಖಾಕಿ ಅಂಗಿ.

'ನೀವು... ಇದ್ರಾ?'

'ಇದ್ದೆ. ಒಂದು ಗುಟುಕು ಚಹಾ ಸಿಕ್ಕಿದ್ರೆ ಕೇಳು! ಅಮ್ಮ ಬಿಟ್ರೆ ತಾನೆ?' ಅದೇ ನಗು. ಆಮೇಲೆ ನಗು ಇಳಿಯಿತು. 'ನೀನು ದಿನಾ ಬಾಗಿಲಲ್ಲಿ ನಿಂತು ಹೋಗ್ಬೇಡಿ ಅಂತಿದ್ದೆ. ಹೇಗೆ ಹೋಗ್ಲಿ? ಸುಸ್ತಾಗಿದೆ ಕಣೇ... ಕಳಿಸು.'

ಒಂದು ಮಾತು ಅಂದರೆ ಸಾಕು, ಅವನು ನಿಲ್ಲುತ್ತಾನೆ. ನಿಂತೇ ಇರುತ್ತಾನೆ, ಬೀಗ ಹಾಕಿದ ಕೋಣೆಯಲ್ಲಿ, ದಣಿದ ಕಾಲಲ್ಲಿ...

ಹೋಗಿ ಬನ್ನಿ ಎಂಬ ಮಾತು ನಾಲಿಗೆ ತುದಿಗೆ ಬಂತು. ಬನ್ನಿ ಎಂಬುದನ್ನು ಅವಳು ನುಂಗಿಕೊಂಡಳು.

"ಹೋಗಿ," ಎಂದಳು.

ಅವನು ತಾಯಿಯ ಕಡೆ ಒಮ್ಮೆ ನೋಡಿ ತಿರುಗಿದ. ಹೆಜ್ಜೆ ಸದ್ದು ಒಂದೊಂದೇ ಮೆಟ್ಟಿಲು ಇಳಿಯಿತು. ಕೆಳಗಿನ ಗಾಜಿನ ಬಾಗಿಲು ತೆರೆದುಕೊಂಡಿತು. ಮುಚ್ಚಿಕೊಂಡಿತು. ಅತ್ತೆ ಸೆರಗು ಬಾಯಿಗೆ ಒತ್ತಿ ಕಿಟಕಿಯ ಕಡೆಗೇ ನೋಡುತ್ತಿದ್ದಳು. ಹೊರಗೆ ಬಿಸಿಲು, ಖಾಲಿ ರಸ್ತೆ.

"ಯಾರಾದ್ರೂ ಹೋದ್ರಾ?" ಎಲೆಕ್ಟ್ರಿಷಿಯನ್ ಪಿಸುಗುಟ್ಟಿದ.

"ಹೂಂ."

"ಮತ್ತೆ..."

"ಇಲ್ಲ. ಇನ್ನು ಬರಲ್ಲ."

ಅವಳು ಕಣ್ಣೊರೆಸಿಕೊಂಡು ಅವನತ್ತ ತಿರುಗಿದಳು.

"ಆಗಿನಿಂದ ನಿಂತೇ ಇದ್ದೀರಲ್ಲ..."

"ಕೂತ್ಕೊಳ್ಳಲಾ?"

"ಕೂತ್ಕೊಳ್ಳಿ."